ಮೊದಲು ಮೆನು ಬಟನ್ ಒತ್ತಿ ನೋಡಿ

ಹೋದ ವಾರ ರಾತ್ರಿ ಹನ್ನೊಂದಕ್ಕೆ ಬೆಳಗಾವಿಯ ಟಿಳಕವಾಡಿಯಿಂದ ಫೋನ್ ಬಂತು. "ಕಾಕಾ, ನೀವು ಹಚ್ಚಿಕೊಟ್ಟ ಪ್ರೊಜೆಕ್ಟರ್ ಕೆಟ್ಟೈತ್ರಿ. ಪರದೆ ತುಂಬ ಗೆರಿ ಬರಾಕತ್ಯಾವು." ಯಾವ ಪಿಚ್ಚರ್ ಹಾಕಿದ್ದೀಯಪ್ಪಾ ಅಂದೆ. ಪ್ಲಾನೆಟ್ ಟೆರರ್ ಅಂದ. ಈ ಚಿತ್ರದ ಸಲುವಾಗಿ ಇಂಥ ಫೋನ್ ಎಷ್ಟನೆಯದೋ!

ರಾಬರ್ಟ್ ರೊಡ್ರಿಗಸ್ ಮಾಡಿದ 2007ರ ಜೊಂಬಿ ಚಿತ್ರ ಅದು. ಅಮೆರಿಕದ ಅಗ್ಗದ ಟಾಕೀಸುಗಳಲ್ಲಿ ಓಡಿ ಓಡಿ ಸವೆದ 1970ರ ದಶಕದ ಪ್ರಿಂಟಿನ ಹಾಗೆ ಕಾಣಬೇಕು ಅಂತ ಡಿಜಿಟಲ್‌ನಲ್ಲಿ ತೆಗೆದ ಚೊಕ್ಕ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಗೆರೆ, ಕಲೆ ಕೂಡಿಸಿದ್ದಾರೆ.

ದಯವಿಟ್ಟು ರಿಮೋಟಿನ ಮೆನು ಬಟನ್ ಒತ್ತಿ. ಮೆನು ತೋರಿಸುವುದು ನಿಮ್ಮ ಯಂತ್ರವೇ. ಸಿನಿಮಾಕ್ಕೂ ಅದಕ್ಕೂ ಸಂಬಂಧವಿಲ್ಲ. ಗೆರೆ ಮೆನುವಿನ ಮೇಲೂ ಹಾದುಹೋದರೆ ಯಂತ್ರದ ದೋಷ ಇರಬಹುದು, ಆಗ ನನ್ನನ್ನು ಕರೆಯಿರಿ. ಮೆನು ಚೊಕ್ಕವಿದ್ದರೆ ಯಂತ್ರ ಬಹುತೇಕ ಸರಿಯಿದೆ. ಬಹುತೇಕ ಅಂದೆ, ಯಾಕಂದ್ರೆ ಕೇಬಲ್ ಸಡಿಲವಾಗಿದ್ದರೂ ಮೆನು ಚೊಕ್ಕವಾಗಿಯೇ ಬರುತ್ತದೆ. ಅದಕ್ಕೇ ಇನ್ನೊಂದು ಚಿತ್ರ ಹಾಕಿ ನೋಡಿ. ಅದರಲ್ಲಿ ಗೆರೆ ಇಲ್ಲವಲ್ಲಾ? ಹಾಗಾದರೆ ಸುಮ್ನೆ ಕೂತು ನೋಡಿ. ಚಿತ್ರದ ಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಅನ್ನುವ ಸೆಟ್ಟಿಂಗ್ ಮಾತ್ರ ಜಾಸ್ತಿ ಮಾಡಬೇಡಿ. ಗೆರೆ ಹೋಗುವುದಿಲ್ಲ, ಮುಖಗಳು ಮೇಣ ಬಳಿದ ಹಾಗೆ ಆಗುತ್ತವೆ.

ಈ ಕೆಲಸಕ್ಕೆ ಬರುವ ಮೊದಲು ನಾನು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಬಣ್ಣದ ಪ್ರಿಂಟಿನಲ್ಲಿ ಹಸಿರು ಗೆರೆ ಬಂತೆಂದರೆ ಫಿಲ್ಮಿನ ಬಣ್ಣದ ಪದರವೇ ಕೆರೆದಿದೆ ಅಂತ ಲೆಕ್ಕ. ನಟ್ಟನಡುವೆ ಕಂದು ಕಲೆ ಹುಟ್ಟಿ ಹರಡಿದರೆ ಫಿಲ್ಮು ಗೇಟಿನಲ್ಲಿ, ಅಂದರೆ ದೀಪದ ಮುಂದೆ ಅದು ಹಾಯುವ ಕಿಂಡಿಯಲ್ಲಿ, ಸಿಕ್ಕು ದೀಪದ ಕಾವಿಗೆ ಬೇಯುತ್ತಿದೆ. ಆಗ ಎದೆ ಧಸಕ್ಕೆನ್ನುತ್ತಿತ್ತು.

ಸ್ವಲ್ಪ ಹೊತ್ತಿಗೆ ಅದೇ ಹುಡುಗನ ಫೋನ್. "ಕಾಕಾ, ರೀಲು ಕಳೆದೈತಿ ಅಂತ ಬರೆದು ಬಂತ್ರಿ. ಈಗ ನೋಡಿದ್ರ ಹೋಟೆಲ್ ಉರಿಯಾಕತ್ತೈತಿ!" ಅದೂ ಚಿತ್ರದ್ದೇ ಅಂದೆ. ನಮ್ಮ ಕಾಲದಲ್ಲಿ ನಿಜವಾಗಿ ಹಾಗಾಗುತ್ತಿತ್ತು ಅಂತಲೂ ಹೇಳಿದೆ. ಒಂದೇ ಪ್ರಿಂಟು ಎರಡು ಟಾಕೀಸಿಗೆ. 2000 ಅಡಿಯ ರೀಲು, ಸುಮಾರು 22 ನಿಮಿಷ. ಅಲ್ಲಿ ಮುಗಿದದ್ದನ್ನು ಹುಡುಗನೊಬ್ಬ ಸೈಕಲ್ ಮೇಲೆ ತರುತ್ತಿದ್ದ. ಒಮ್ಮೆ ಮಳೆ ಜೋರು, ಹುಡುಗ ಬರಲೇ ಇಲ್ಲ. ಕೆಳಗೆ ಸಿಳ್ಳೆ, ಕೂಗಾಟ. ನಾನು ಜಾಹೀರಾತಿನ ಸ್ಲೈಡು ತಿರುಗಿಸುತ್ತಾ ಕೂತಿದ್ದೆ.

"ಆಮ್ಯಾಲೆ ರೀಲು ಬಂತೇನ್ರಿ ಕಾಕಾ?"

ಬಂತು. ಹುಡುಗ ತನ್ನ ಅಂಗಿ ಬಿಚ್ಚಿ ಡಬ್ಬಿಗೆ ಸುತ್ತಿಕೊಂಡು ತಂದಿದ್ದ.