ಬಾಡಿದ ಎಸಳು ಕಿತ್ತರೆ ಸಾಲದು

ಫೆಬ್ರವರಿ ಮುಗಿಯುವ ಹೊತ್ತಿಗೆ ನನ್ನ ಮೊಬೈಲಿಗೆ ಪೆಟೂನಿಯಾ ಗಿಡಗಳ ಫೋಟೋಗಳು ಬರತೊಡಗುತ್ತವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ತರಹ. ಕುಂಡದ ನಡುವೆ ಬೋಳು ಕಡ್ಡಿಗಳು, ಅವುಗಳ ತುದಿಯಲ್ಲಿ ಒಂದೊಂದು ಸಣ್ಣ ಹೂ, ಬುಡದಲ್ಲಿ ಒಣಗಿದ ಎಲೆ. ಜೊತೆಗೆ ಒಂದು ಪ್ರಶ್ನೆ: “ಯಾವ ಔಷಧಿ ಹೊಡೆಯಬೇಕು?” ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿ, ಮನೆಗೆ ಹೋಗುವ ದಾರಿಯಲ್ಲಿ ನಾಲ್ಕು ಗಿಡ ಕೊಂಡವರೇ ಇವರಲ್ಲಿ ಹೆಚ್ಚು. ಕೊಂಡಾಗ ಗಿಡದ ಎಲೆ ಕಾಣದಷ್ಟು ಹೂವಿತ್ತು ಎಂದು ಎಲ್ಲರೂ ಹೇಳುತ್ತಾರೆ. ನಿಜವೇ ಇರಬೇಕು.

ಬಿಸಿಲು, ನೀರು, ಮಣ್ಣಿನ ಪಾಠ ಇಲ್ಲಿ ಬೇಡ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿಗೆ ಪೆಟೂನಿಯಾ ತರಬೇಡಿ. ಮೇಲ್ಮಣ್ಣು ಒಣಗುವ ಮುನ್ನ ನೀರು ಹಾಕಬೇಡಿ. ಇಷ್ಟನ್ನು ಬಹುತೇಕ ಎಲ್ಲರೂ ಪಾಲಿಸುತ್ತಾರೆ. ತಪ್ಪುವುದು ಬೇರೆ ಕಡೆ.

ಹೋದ ವರ್ಷ ದಕ್ಷಿಣ ಬೆಂಗಳೂರಿನ ಒಂದು ಮನೆಯ ತಾರಸಿಗೆ ಹೋಗಿದ್ದೆ. ಮನೆಯೊಡತಿ ನಿವೃತ್ತ ಶಿಕ್ಷಕಿ, ಅಚ್ಚುಕಟ್ಟಿನ ಹೆಂಗಸು. ಒಂದು ಕುಂಡದ ಸುತ್ತಲೂ ಒಣಗಿದ ಒಂದು ಎಸಳೂ ಬಿದ್ದಿರಲಿಲ್ಲ. “ಬಾಡಿದ್ದನ್ನು ದಿನಾ ಬೆಳಿಗ್ಗೆ ನಾನೇ ತೆಗೆಯುತ್ತೇನೆ, ಸರ್. ಆದರೂ ಹೂ ನಿಂತುಹೋಯಿತು” ಎಂದರು. ಹತ್ತಿರದಿಂದ ನೋಡಿದರೆ ಒಂದೇ ಗಿಡದಲ್ಲಿ ನಲವತ್ತೆರಡು ಬೀಜದ ಕಾಯಿಗಳಿದ್ದವು.

ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಓದಿ. ಪೆಟೂನಿಯಾ ಹೂ ಬಾಡಿದಾಗ ಅದರ ಬಣ್ಣದ ಕೊಳವೆಯನ್ನು ಮೆಲ್ಲಗೆ ಎಳೆದರೆ ಒದ್ದೆ ಕಾಗದದಂತೆ ಕೈಗೆ ಬರುತ್ತದೆ. ಕೆಲಸ ಮುಗಿಯಿತು ಎಂದು ಎಲ್ಲರಿಗೂ ಅನ್ನಿಸುವುದು ಆಗಲೇ. ಆದರೆ ತೊಟ್ಟಿನ ತುದಿಯಲ್ಲಿ ಐದು ಹಸಿರು ಪಕಳೆಗಳ ಪುಟ್ಟ ಬಟ್ಟಲು ಉಳಿದಿರುತ್ತದೆ, ಅದರೊಳಗೆ ಅಂಡಾಶಯ ಇರುತ್ತದೆ. ಪರಾಗಸ್ಪರ್ಶವಾಗಿದ್ದರೆ ಅದೇ ಮುಂದೆ ಕಾಯಿ. ನೀವು ಕಿತ್ತದ್ದು ಹೇಗೂ ಉದುರಲಿದ್ದ ಎಸಳನ್ನು, ಬಿಟ್ಟದ್ದು ಗಿಡದ ಸತ್ವವನ್ನೆಲ್ಲ ಎಳೆದುಕೊಳ್ಳುವ ಕಾಯನ್ನು. ಕಾಯಿ ಬಲಿಯತೊಡಗಿದರೆ ಗಿಡಕ್ಕೆ ಹೊಸ ಮೊಗ್ಗಿನ ಅವಸರ ಇರುವುದಿಲ್ಲ. ಹಾಗಾಗಿ ಉಗುರು ಹೋಗಬೇಕಾದದ್ದು ಆ ಹಸಿರು ಬಟ್ಟಲಿನ ಕೆಳಗೆ, ತೊಟ್ಟಿಗೆ. ಎಸಳಿಗಲ್ಲ, ತೊಟ್ಟಿಗೆ.

ಬೆಂಡೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿನ ಬಿಟ್ಟು ದಿನ ಕೊಯ್ಯದೆ ನಾಲ್ಕು ಕಾಯಿ ಬಲಿಯಲು ಬಿಟ್ಟರೆ ಗಿಡದ ಇಳುವರಿ ಕುಗ್ಗುತ್ತದೆ. ತುಳಸಿ ಕದಿರು ಬಿಟ್ಟಾಗ ಮನೆಯ ಅಜ್ಜಿಯರು ಚಿವುಟುತ್ತಿದ್ದದ್ದೂ ಇದೇ ಲೆಕ್ಕದ ಮೇಲೆ. ಆ ಶಿಕ್ಷಕಿಯೂ ತುಳಸಿಯನ್ನು ಹಾಗೇ ನೋಡಿಕೊಳ್ಳುತ್ತಿದ್ದರು. ಪೆಟೂನಿಯಾ ಮಾತ್ರ ಅವರಿಗೆ ಅಂಗಡಿಯಿಂದ ತಂದ ಅತಿಥಿ, ಮುಟ್ಟಲು ಸಂಕೋಚ.

ಒಣಗಿದ ಒಂದು ಕಾಯಿಯನ್ನು ಬಿಳಿ ಹಾಳೆಯ ಮೇಲೆ ಒಡೆದು ತೋರಿಸಿದೆ. ಕಂದು ಪುಡಿ ಚೆಲ್ಲಿದಂತೆ ನೂರಾರು ಬೀಜಗಳು. ಒಂದು ಗ್ರಾಮಿಗೆ ಸುಮಾರು 10,000 ತೂಗುವಷ್ಟು ಸಣ್ಣವು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಇಷ್ಟು ಮಕ್ಕಳನ್ನು ಸಾಕುತ್ತಿದೆಯೇ, ಪಾಪ” ಎಂದರು. ಆಮೇಲೆ ನಾನು ಹೆಚ್ಚು ಹೇಳಬೇಕಾಗಲಿಲ್ಲ.

ಆದರೆ ಕಡ್ಡಿಗಳನ್ನು ಕತ್ತರಿಸಬೇಕು ಎಂದಾಗ ಮತ್ತೆ ಹಿಂಜರಿದರು. ಹೂ ಇರುವ ಕೊಂಬೆಗೆ ಕತ್ತರಿ ಹಾಕುವುದು ಯಾರಿಗೂ ಸುಲಭವಲ್ಲ. ಕೆಲಸ ಕಲಿಯುವ ದಿನಗಳಲ್ಲಿ ನಾನೂ ದಿಗಿಲುಬಿದ್ದಿದ್ದೆ. ಜನವರಿಯ ಪ್ರದರ್ಶನಕ್ಕೆಂದು ಅಕ್ಟೋಬರಿನಲ್ಲಿ ಬಿತ್ತಿದ್ದ ಸಸಿಗಳು ಗೇಣುದ್ದವಾಗಿ ಮೊದಲ ಮೊಗ್ಗು ತೋರಿಸಿದ್ದವು. ನನ್ನ ಹಿರಿಯ ಮಾಲಿ ಒಂದು ಬೆಳಿಗ್ಗೆ ಅಷ್ಟೂ ಕುಡಿಗಳನ್ನು ಚಿವುಟಿ ಎಸೆದರು. “ಒಂದು ಕುಡಿ ತೆಗೆದರೆ ನಾಲ್ಕು ಬರುತ್ತವೆ, ತಾಳಯ್ಯ” ಎಂದರು. ತುದಿಯ ಕುಡಿ ಇರುವ ತನಕ ಕೆಳಗಿನ ಎಲೆಕಂಕುಳ ಮೊಗ್ಗುಗಳನ್ನು ಅದು ಏಳಗೊಡುವುದಿಲ್ಲ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅಂದು ಕಣ್ಣಾರೆ ಕಂಡೆ.

ಮನಸ್ಸು ಒಪ್ಪದವರಿಗೆ ನಾನು ಹೇಳುವ ಉಪಾಯ ಇದು. ಗಿಡದ ಅರ್ಧ ಭಾಗದ ಕಡ್ಡಿಗಳನ್ನು ಮಾತ್ರ ಈಗ ಅರ್ಧಕ್ಕೆ ಕತ್ತರಿಸಿ, ಉಳಿದ ಭಾಗ ಹೂ ಕೊಡುತ್ತಿರಲಿ. ಎರಡು ವಾರ ಬಿಟ್ಟು ಅದನ್ನು ಕತ್ತರಿಸಿ. ಅಷ್ಟರಲ್ಲಿ ಮೊದಲಿನ ಕಡ್ಡಿಗಳು ಚಿಗುರಿರುತ್ತವೆ. ಪ್ರತಿ ಕಡ್ಡಿಯಲ್ಲೂ ನಾಲ್ಕಾರು ಹಸಿರು ಎಲೆ ಉಳಿದಿರಲೇಬೇಕು. ಬೋಳು ಕಟ್ಟಿಗೆಯ ತನಕ ಕತ್ತರಿಸಿದರೆ ಚಿಗುರುವ ಭರವಸೆ ಕೊಡಲಾರೆ. ಕತ್ತರಿಸಿದ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು) ಲೀಟರ್ ನೀರಿಗೆ 2 ಗ್ರಾಂನಂತೆ ಕರಗಿಸಿ, ಹತ್ತು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ ಹಾಕಿ.

ಎಲ್ಲ ಕಾಯಿಲೆಗೂ ಕತ್ತರಿಯೇ ಮದ್ದಲ್ಲ. ಬುಡ ಕೊಳೆತಿದ್ದರೆ ಗಿಡ ಉಳಿಯುವುದು ಕಷ್ಟ. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು. ಗಡಸು ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇದನ್ನು ಹೆಚ್ಚು ಕಾಣುತ್ತೇನೆ. ಕುಂಡದಿಂದ ಜೋಲಾಡುವ ಕೆಲವು ಹೊಸ ತಳಿಗಳಿಗೆ ಬಾಡಿದ ಹೂ ತೆಗೆಯುವ ಅಗತ್ಯ ಅಷ್ಟಾಗಿ ಇಲ್ಲ, ಆದರೆ ಅವನ್ನೂ ಆಗಾಗ ಸವರಬೇಕು.

ಮತ್ತೊಂದು ಮಾತು. ಬೀಡಿ ಸೇದಿದ, ಹೊಗೆಸೊಪ್ಪು ತಿಕ್ಕಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಈ ಗಿಡ ಮುಟ್ಟಬಾರದು. ಪೆಟೂನಿಯಾ ಹೊಗೆಸೊಪ್ಪಿನ ಸಸ್ಯಕುಟುಂಬದ್ದೇ. ದಕ್ಷಿಣ ಅಮೆರಿಕದ ತುಪಿ ಜನರ ನುಡಿಯಲ್ಲಿ ಹೊಗೆಸೊಪ್ಪಿಗಿದ್ದ ಹೆಸರೇ ಇದಕ್ಕೂ ಬಂದಿದೆ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಕೈಯಿಂದ, ಕತ್ತರಿಯಿಂದ ಗಿಡಕ್ಕೆ ದಾಟುತ್ತದೆ, ದಾಟಿದರೆ ಔಷಧಿ ಇಲ್ಲ. ನನ್ನಲ್ಲಿ ದುಡಿಯುವ ಮಾಲಿಗಳಿಗೆ ಇದೊಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಆ ಶಿಕ್ಷಕಿಯ ಗಿಡಗಳು ಕತ್ತರಿಸಿದ ಮೂರನೇ ವಾರಕ್ಕೆ ಮತ್ತೆ ಹೂ ಬಿಟ್ಟವು, ಯುಗಾದಿ ದಾಟುವ ತನಕ ಬಿಡುತ್ತಲೇ ಇದ್ದವು. ಏಪ್ರಿಲ್ ಬಿಸಿಲಿಗೆ ಸೊರಗಿದಾಗ, ಕೊನೆಯ ಒಂದು ಕೊಂಬೆಯ ಕಾಯಿಗಳನ್ನು ಬಲಿಯಲು ಬಿಡಬಹುದೇ ಎಂದು ಫೋನ್ ಮಾಡಿ ಕೇಳಿದರು. ಬಿಡಿ ಅಮ್ಮ ಎಂದೆ. ಹೈಬ್ರಿಡ್ ಗಿಡದ ಬೀಜವಾದ್ದರಿಂದ ತಾಯಿಯ ಬಣ್ಣವೇ ಬರುತ್ತದೆ ಎನ್ನಲಾಗದು, ಅದನ್ನೂ ಹೇಳಿದೆ. ಬೀಜವನ್ನು ಕುಂಕುಮದ ಭರಣಿಯಲ್ಲಿ ಎತ್ತಿಟ್ಟಿದ್ದಾರೆ. ಮಳೆ ಕಡಿಮೆಯಾದ ಮೇಲೆ ಬಿತ್ತುತ್ತಾರಂತೆ. ಮೇಲೆ ಮಣ್ಣು ಮುಚ್ಚಬೇಡಿ, ಬೆಳಕು ಬಿದ್ದರೆ ಚೆನ್ನಾಗಿ ಮೊಳೆಯುತ್ತದೆ ಎಂದು ತಿಳಿಸಿದ್ದೇನೆ.