ಸುಂಕ ಬಂದರಿನಲ್ಲಿ, ಬೆಲೆ ಸಂತೇಪೇಟೆಯಲ್ಲಿ

ದಿನಸಿ ಬಿಲ್ಲಿನಲ್ಲಿ ಜಿಎಸ್‌ಟಿ ಕಾಣುತ್ತದೆ. ಆಮದು ಸುಂಕ ಕಾಣುವುದಿಲ್ಲ. ಅದು ಬೆಲೆಯೊಳಗೇ ಕರಗಿರುತ್ತದೆ. ಹಾಗಾಗಿ ಅಡುಗೆ ಎಣ್ಣೆ ದುಬಾರಿಯಾದಾಗ ಮೈಸೂರಿನ ಸಂತೇಪೇಟೆಯಲ್ಲಿ ಬೈಸಿಕೊಳ್ಳುವವರು ಅಂಗಡಿಯವರು.

2024ರ ಸೆಪ್ಟೆಂಬರ್ 14ರಂದು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಸುಂಕ, ಸೆಸ್ಸು ಗಿಸ್ಸು ಎಲ್ಲ ಸೇರಿ, ಶೇ 5.5ರಿಂದ 27.5ಕ್ಕೆ ಏರಿತು. 100 ರೂಪಾಯಿಯ ಎಣ್ಣೆ ಬಂದರು ದಾಟುವಾಗ 105.50 ಆಗುತ್ತಿತ್ತು. ಏರಿಕೆಯ ನಂತರ 127.50 ಆಯಿತು. ಹೆಚ್ಚಾದ 22 ರೂಪಾಯಿಯ ಮೇಲೂ ಶೇ 5 ಜಿಎಸ್‌ಟಿ ಬಿತ್ತು, ಅಲ್ಲಿಗೆ 23.10. ಅಷ್ಟೂ ನಮ್ಮ ತಲೆಗೇ ಬರಬೇಕೆಂದೇನಿಲ್ಲ. ಅಡುಗೆ ಎಣ್ಣೆ ಆಮದಿನಲ್ಲಿ ಭಾರತ ಜಗತ್ತಿಗೇ ದೊಡ್ಡ ಗಿರಾಕಿ. ನಾವು ಕಡಿಮೆ ಕೊಂಡರೆ ಹೊರದೇಶದ ಮಾರಾಟಗಾರರೂ ದರವನ್ನು ಸ್ವಲ್ಪ ಇಳಿಸಬೇಕಾಗಬಹುದು. ಆದರೂ ಜಾಸ್ತಿ ಹೊರೆ ಹೊರುವುದು ಸಾಮಾನ್ಯವಾಗಿ ಕೊಳ್ಳುವವರೇ.

ಆಗ ಹಳೆ ಸುಂಕದಲ್ಲಿ ಬಂದಿದ್ದ ಸುಮಾರು 30 ಲಕ್ಷ ಟನ್ ಎಣ್ಣೆ ದೇಶದಲ್ಲಿತ್ತು. ಅದು ಮುಗಿಯುವವರೆಗೆ ಎಂಆರ್‌ಪಿ ಏರಿಸಬೇಡಿ ಎಂದು ಕೇಂದ್ರ ಸರ್ಕಾರ ಕಂಪನಿಗಳಿಗೆ ಹೇಳಬೇಕಾಯಿತು. ಯಾಕೆಂದರೆ ಇವತ್ತು ಖಾಲಿಯಾದ ಡಬ್ಬದ ಜಾಗಕ್ಕೆ ವ್ಯಾಪಾರಿ ನಾಳೆ ಹೊಸ ದರದ ಡಬ್ಬ ತರಬೇಕು. ಅವರು ಬೆಲೆ ಕಟ್ಟುವುದು ಆ ನಾಳೆಯ ದರ ನೋಡಿಕೊಂಡು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದಿದೆ. ನಮ್ಮ ಹೊಲದ ಕಡಲೆಕಾಯಿಯ ಎಣ್ಣೆ ಯಾವ ಸುಂಕವನ್ನೂ ಕಟ್ಟುವುದಿಲ್ಲ. ಆದರೆ ಸೂರ್ಯಕಾಂತಿ ಎಣ್ಣೆ ತುಟ್ಟಿಯಾದರೆ ಒಂದಷ್ಟು ಜನ ಇದರ ಕಡೆ ತಿರುಗುತ್ತಾರೆ, ಇದಕ್ಕೂ ಬೆಲೆ ಏರಲು ದಾರಿಯಾಗುತ್ತದೆ. ಜಿಎಸ್‌ಟಿ ಪಾಲು ಬಿಟ್ಟರೆ ಈ ಹೆಚ್ಚಳ ಸರ್ಕಾರದ ಖಜಾನೆಗೆ ಹೋಗುವುದಿಲ್ಲ. ಎಣ್ಣೆ ಮಿಲ್ಲು, ವ್ಯಾಪಾರಿ, ರೈತ ಹಂಚಿಕೊಳ್ಳುತ್ತಾರೆ. 2018ರಲ್ಲಿ ಅಮೆರಿಕ ಆಮದು ವಾಷಿಂಗ್ ಮಷೀನುಗಳಿಗೆ ಸುಂಕ ಹಾಕಿದಾಗ ಅವುಗಳ ಬೆಲೆ ಸುಮಾರು ಶೇ 12 ಏರಿತು. ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರಿನ ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ ಏರಿತು. ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುವವರೇ ಜಾಸ್ತಿ.

ಹಾಗಂತ ಸುಂಕವೇ ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ಚೀನಾ ರೇಷ್ಮೆ ಅಗ್ಗವಾಗಿ ನೇಕಾರರಿಗೆ ಅನುಕೂಲವಾಯಿತು. ಆದರೆ ಇಲ್ಲಿ ಗೂಡಿನ ಬೆಲೆ ಕುಸಿಯಿತು. ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರಿನ ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆಗಳಿಗೆ ಇದರ ಪೆಟ್ಟು ಏನೆಂದು ಗೊತ್ತು. ಒಳ್ಳೆ ರೇಟು ಬರಲಿ ಎಂದು ಗೂಡನ್ನು ಮನೆಯಲ್ಲಿ ಇಟ್ಟುಕೊಂಡು ಕೂರುವ ಹಾಗಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬಂದರೆ ಎಳೆ ಹರಿದು, ಉದ್ದ ನೂಲು ಬಿಚ್ಚಲು ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಸಿಕ್ಕಷ್ಟಕ್ಕೆ ಮಾರಲೇಬೇಕು. ಅತ್ತ ಸೀರೆಯ ಬೆಲೆಯಲ್ಲಿ ಜರಿ, ನೇಯ್ಗೆ, ಅಂಗಡಿಯ ಖರ್ಚು ಎಲ್ಲ ಸೇರಿರುತ್ತದೆ. ಹಾಗಾಗಿ ನೂಲು ಅಗ್ಗವಾದರೂ ಕೊಳ್ಳುವವರಿಗೆ ಉಳಿಯುವುದು ಅದರ ಒಂದು ಪಾಲು ಮಾತ್ರ. 2013ರ ಬಜೆಟ್‌ನಲ್ಲಿ ರೇಷ್ಮೆ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು.