ಡಾಂಗಲ್ ಗಂಡನ ಜೇಬಿನಲ್ಲಿದ್ದರೂ ಹೊಣೆ ಅಧ್ಯಕ್ಷೆಯದೇ

ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡೋಕೆ ಹೋದಲ್ಲೆಲ್ಲ ಇದನ್ನು ನೋಡಿ ನೋಡಿ ಬೇಜಾರಾಗಿದೆ. ಅಧ್ಯಕ್ಷೆಯ ಹೆಸರು ಕರೆದರೆ ಹಿಂದಿನ ಸಾಲಿನಿಂದ ಗಂಡ ಎದ್ದು ನಿಲ್ಲುತ್ತಾರೆ. ‘ನಮ್ಮನೆಯೋರಿಗೆ ಇದೆಲ್ಲ ಗೊತ್ತಾಗಲ್ಲ ಮೇಡಂ, ನಂಗೇ ಹೇಳಿ’ ಅಂತಾರೆ. ಡಿಎಸ್‌ಸಿ ಡಾಂಗಲ್, ಅಂದರೆ ಅಧ್ಯಕ್ಷೆಯ ಡಿಜಿಟಲ್ ಸಹಿ ಇರೋ ಪೆನ್‌ಡ್ರೈವ್‌ನಂಥ ಸಾಧನ, ಅವರ ಅಂಗಿ ಜೇಬಿನಲ್ಲೇ ಇರುತ್ತದೆ.

ಪಂಚಾಯಿತಿಯಲ್ಲಿ ಹೆಂಗಸರಿಗೆ ಮೀಸಲಾತಿ ಬಂದ ಕಥೆ ನಿಮಗೆ ಗೊತ್ತೇ ಇದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮೊದಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ನಮ್ಮಲ್ಲಿ ಶೇ 25 ಸ್ಥಾನ ಹೆಂಗಸರಿಗಿತ್ತು. ಈಗ ಅರ್ಧಕ್ಕರ್ಧ. ನಾನು ಹೇಳಬೇಕಿರೋದು ಸಹಿಯ ವಿಷಯ.

ಪಂಚಾಯಿತಿ ದುಡ್ಡು ಹೊರಗೆ ಹೋಗೋಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರ ಸಹಿ ಸಾಲದು, ಅಧ್ಯಕ್ಷರದೂ ಬೇಕು. ಮೊದಲು ಚೆಕ್ಕಿಗೆ ಪೆನ್ನಲ್ಲಿ ಹಾಕುತ್ತಿದ್ದರು. ಈಗ ಡಾಂಗಲ್ ಹಾಕಿ ಪಿನ್ ಒತ್ತಬೇಕು. ಒತ್ತಿದ ಬೆರಳು ಯಾರದು ಅಂತ ಕಂಪ್ಯೂಟರ್ ಕೇಳಲ್ಲ. ದಾಖಲೆಯಲ್ಲಿ ಉಳಿಯೋದು ಅಧ್ಯಕ್ಷೆಯ ಹೆಸರು. ಕೆಲಸವೇ ಆಗದ ಚರಂಡಿಗೆ ಬಿಲ್ ಆಗಿದೆ ಅಂತ ನಾಳೆ ಆಡಿಟ್‌ನವರು ಆಕ್ಷೇಪಣೆ ಬರೆದರು ಅನ್ನಿ. ನೋಟಿಸ್ ಬರೋದು ಆಕೆಗೆ. ವಸೂಲಿ ಅಂತಾದರೆ ಆಕೆಯಿಂದಲೂ. ಹುದ್ದೆ ಹೋದರೂ ಆಕೆಯದೇ. ‘ನಂಗೊತ್ತಿಲ್ಲ, ಯಜಮಾನ್ರು ಮಾಡಿದ್ದು’ ಅಂದರೆ, ಡಾಂಗಲ್ಲನ್ನು ಬೇರೆಯವರ ಕೈಗೆ ಕೊಟ್ಟಿದ್ದು ನಿಜ ಅಂತ ತಾವೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಗಂಡ ಎಷ್ಟೇ ಒಳ್ಳೆಯವರಿರಲಿ, ಆ ಹೊಣೆಯನ್ನು ಅವರು ಹೊತ್ತುಕೊಳ್ಳೋಕೆ ಬರಲ್ಲ. ಒಂದೊಂದು ಪ್ರಕರಣ ಒಂದೊಂದು ಥರ ಇರುತ್ತದೆ. ನೋಟಿಸ್ ಬಂದಿದ್ದರೆ ಉತ್ತರ ಬರೆಯೋ ಮುಂಚೆ ವಕೀಲರನ್ನು ಕಾಣಿ.

ಹೆಂಗಸರಿಗೆ ಆಡಳಿತ ಬರಲ್ಲ ಅನ್ನೋದನ್ನಂತೂ ನಾನು ಒಪ್ಪಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ, ಕಂತು, ಬಡ್ಡಿ ಬರೆದಿಟ್ಟವರಿಗೆ ನಡಾವಳಿ ಪುಸ್ತಕ ಕಷ್ಟವೇ? ಒಂದೂರಿನ ಅಧ್ಯಕ್ಷೆ ಜಾಸ್ತಿ ಓದಿದವರಲ್ಲ. ಪ್ರತಿ ಬಿಲ್ಲನ್ನೂ ಪಿಡಿಒ ಕೈಲಿ ಜೋರಾಗಿ ಓದಿಸುತ್ತಿದ್ದರು. ಒಮ್ಮೆ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಬಿಲ್ ಬಂತು. ‘ಆ ಬೋರಿನ ನೀರು ದಿನಾ ನಾನೇ ಹಿಡೀತೀನಲ್ಲಾ, ಮೋಟಾರ್ ಯಾವಾಗ ಎತ್ತಿದ್ರಿ?’ ಅಂತ ಕೇಳಿ ವಾಟರ್‌ಮ್ಯಾನ್‌ನನ್ನು ಕರೆಸಿದರು. ಮೋಟಾರ್ ಎತ್ತೇ ಇರಲಿಲ್ಲ. ಬಿಲ್ ವಾಪಸ್ ಹೋಯಿತು. ನನಗೆ ಆ ಹೆಣ್ಣುಮಗಳ ಮೇಲೆ ಬಹಳ ಅಭಿಮಾನ.

ಹಾಗಾಗಿ ಅಕ್ಕಂದಿರೇ, ಡಾಂಗಲ್ ವಾಪಸ್ ಇಸ್ಕೊಳ್ಳಿ, ಪಿನ್ ಬದಲಾಯಿಸಿ. ಓದಿಸಿ ಕೇಳದೆ ಯಾವ ಠರಾವಿಗೂ ಸಹಿ ಹಾಕಬೇಡಿ. ಪಂಚಾಯಿತಿ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ ಗಂಡನ ಮೊಬೈಲ್ ನಂಬರ್ ಕೊಟ್ಟಿದ್ದರೆ, ಅದನ್ನೂ ಈ ವಾರವೇ ಬದಲಾಯಿಸಿ.